ತನ್ನ ಅಚ್ಚಿನ ಮೇಲೆಯೇ

ಓಡುವುದಷ್ಟೇ ವಾಹನದ ಗುಣವಲ್ಲ. ನಿಲ್ಲಬೇಕಾದೆಡೆ ನಿಲ್ಲುವುದೂ ಅದರ ಧರ್ಮವೇ. ಕಾರಿನ ಚಕ್ರದೊಡನೆ ಸುತ್ತುವ ಬೀಡುಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕೆಲಗಳಿಂದ ಅವುಚಿದಾಗ ವೇಗ ತಗ್ಗುತ್ತದೆ. ಈ ತಟ್ಟೆಯೇ ಬ್ರೇಕ್ ಡಿಸ್ಕ್.

ಬ್ರೇಕು ತುಳಿದಾಗ ಪೆಡಲು ಮಿಡಿದರೆ, ಡಿಸ್ಕು ಕಾವಿಗೆ ಸೊಟ್ಟಗಾಯಿತೆನ್ನುವುದು ವಾಡಿಕೆ. ದೋಷ ಸಾಮಾನ್ಯವಾಗಿ ಬೇರೆಡೆ ಇರುತ್ತದೆ. ಡಿಸ್ಕಿಗೂ ಅದನ್ನು ಹೊತ್ತ ಹಬ್‌ಗೂ ನಡುವೆ ಕೂದಲೆಳೆಯಷ್ಟು ಓಲಾಟವಿದ್ದರೂ ಸಾಕು. ಬ್ರೇಕು ತುಳಿಯದಿರುವಾಗಲೂ ಪ್ಯಾಡು ಪ್ರತಿ ಸುತ್ತಿನಲ್ಲಿ ಅದೇ ಜಾಗವನ್ನು ಸವರುತ್ತದೆ. ದಿನಗಳೆದಂತೆ ತಟ್ಟೆಯ ದಪ್ಪ ಏರುಪೇರಾಗುತ್ತದೆ. ಹಲವು ತಯಾರಕರು ಸಹಿಸುವ ಓಲಾಟ ಕೇವಲ 0.05 ಮಿಲಿಮೀಟರು.

ಡಿಸ್ಕನ್ನು ಬಿಚ್ಚಿ ಕಾರ್ಖಾನೆಯ ಲೇತಿಗೇರಿಸಿದರೆ ಅದು ಆ ಲೇತಿನ ಅಚ್ಚಿಗೆ ಸಮನಾದೀತು; ಹಬ್‌ನ ಓಲಾಟ ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ಚಕ್ರವನ್ನು ಕಳಚಿ, ಸಣ್ಣ ಲೇತನ್ನು ಹಬ್‌ಗೇ ಬಿಗಿದು, ಡಿಸ್ಕನ್ನು ಸ್ವಸ್ಥಾನದಲ್ಲೇ ತಿರುಗಿಸುತ್ತ ಎರಡು ಮೈಗಳನ್ನೂ ಒಟ್ಟಿಗೆ ಹೆರೆಯುವ ಕ್ರಮ ಬಳಕೆಗೆ ಬಂದಿತು. ಒಡನಾಡಿಯೊಡನೆ ಹೊಂದದ ನೇರತನ ಇಲ್ಲಿ ನಿರುಪಯೋಗಿ.

ಆದರೆ, ಹೆರೆದ ಲೋಹ ಮರಳಿ ಬಾರದು. ಉಳಿಯಲೇಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಮೊದಲು ಅಳೆಯಬೇಕು, ಹೆರೆದರೆ ಆ ಮಿತಿ ಮೀರುವಂತಿದ್ದಲ್ಲಿ ಹೊಸದನ್ನೇ ಹಾಕಿಸಬೇಕು. ತೆಳುವಾದ ಡಿಸ್ಕು ಬೇಗ ಕಾಯುತ್ತದೆ, ಬಿರುಕು ಬಿಡಲೂಬಹುದು. ಉಳಿತಾಯದ ಹಣ ತಕ್ಕಡಿಯ ಒಂದು ತಟ್ಟೆಯಲ್ಲಿದ್ದರೆ, ಇನ್ನೊಂದರಲ್ಲಿರುವುದು ಪ್ರಾಣ.