ಗಾಳಿಯನ್ನು ಸೀಳುವ ಗಾಲಿ



ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರ್ಕೆಟ್ಟಿನವರೆಗೆ ಸಾಗುವ ಅವೆನ್ಯೂ ರಸ್ತೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಹಳೆಯ ಪಠ್ಯಪುಸ್ತಕಗಳನ್ನು ಕಡಿಮೆ ಬೆಲೆಗೆ ಕೊಳ್ಳಲು ಅಲ್ಲಿಗೆ ಹೋಗಿಯೂ ಇರುತ್ತೀರಿ. ಸುಮಾರು ಒಂದು ಕಿಲೋಮೀಟರು ಉದ್ದದ ಆ ಇಕ್ಕಟ್ಟಿನ ರಸ್ತೆಯಲ್ಲಿ ಸೈಕಲ್ ತುಳಿಯುವವನು ಗಂಟೆಗೆ 12 ಕಿ.ಮೀ. ವೇಗದಲ್ಲಿ ಸಾಗಿದರೆ ಅದೇ ಹೆಚ್ಚು. ಅವನ ಸೈಕಲ್ಲಿಗೆ ಪಂದ್ಯಗಳಲ್ಲಿ ಬಳಸುವ ದುಬಾರಿ ಚಕ್ರಗಳನ್ನು ಜೋಡಿಸಿದರೆ ಅವನು ಎಷ್ಟು ಬೇಗ ಮಾರ್ಕೆಟ್ಟು ಸೇರಬಹುದು? ಇದನ್ನು ಲೆಕ್ಕ ಹಾಕಿ ನೋಡೋಣ.

ಸಮತಟ್ಟಾದ ರಸ್ತೆಯಲ್ಲಿ ಸವಾರನನ್ನು ಮುಖ್ಯವಾಗಿ ತಡೆಯುವ ಬಲಗಳು ಎರಡು. ಒಂದು, ಟೈರು ರಸ್ತೆಯ ಮೇಲೆ ಉರುಳುವಾಗ ಆಗುವ ಘರ್ಷಣೆ. ಇದು ವೇಗದೊಡನೆ ಹೆಚ್ಚು ಬದಲಾಗುವುದಿಲ್ಲ. ಎರಡನೆಯದು ಗಾಳಿಯ ತಡೆ. ಇದರ ಸ್ವಭಾವವೇ ಬೇರೆ. ವೇಗ ಮೂರು ಪಟ್ಟಾದರೆ ಗಾಳಿಯ ತಡೆ ಒಂಬತ್ತು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಕಾಲುಗಳು ಒದಗಿಸಬೇಕಾದ ಶಕ್ತಿ 27 ಪಟ್ಟಾಗುತ್ತದೆ! ಆದ್ದರಿಂದ ಅವೆನ್ಯೂ ರಸ್ತೆಯ ಸವಾರನಿಗೆ ಗಾಳಿಗಿಂತ ಟೈರಿನ ಘರ್ಷಣೆಯೇ ದೊಡ್ಡ ತಡೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ಪಂದ್ಯದ ಸವಾರನಿಗಾದರೋ, ಒಟ್ಟು ತಡೆಯ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪಾಲು ಗಾಳಿಯದೇ.

ಇನ್ನು ಚಕ್ರದ ವಿಷಯ. ಉರುಳುವ ಚಕ್ರದಲ್ಲಿ ನೆಲವನ್ನು ಮುಟ್ಟಿರುವ ಬಿಂದು ಆ ಕ್ಷಣಕ್ಕೆ ನಿಶ್ಚಲ. ಮೇಲ್ತುದಿಯ ಬಿಂದು ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ನಮ್ಮ ಸಾಮಾನ್ಯ ಸೈಕಲ್ಲಿನ ಮುಂದಿನ ಚಕ್ರದಲ್ಲಿ 32, ಹಿಂದಿನದರಲ್ಲಿ 40 ಸ್ಪೋಕುಗಳಿರುತ್ತವೆ. ಈ 72 ಕಡ್ಡಿಗಳೂ ಗಾಳಿಯನ್ನು ಕಡೆಯುತ್ತಾ ಸುಳಿಗಳನ್ನೆಬ್ಬಿಸುತ್ತವೆ. ಆ ಸುಳಿಗಳಿಗೆ ಬೇಕಾದ ಶಕ್ತಿಯೂ ಸವಾರನ ಕಾಲಿನಿಂದಲೇ ಬರಬೇಕು. ಅದಕ್ಕಾಗಿಯೇ ಪಂದ್ಯದ ಚಕ್ರದಲ್ಲಿ ಸ್ಪೋಕುಗಳನ್ನು ಕಡಿಮೆ ಮಾಡಿ, ರಿಮ್ಮನ್ನು ಆಳವಾಗಿಸಿ, ಗಾಳಿ ನಯವಾಗಿ ಜಾರಿಹೋಗುವ ಆಕಾರ ಕೊಡುತ್ತಾರೆ. ಸ್ಪೋಕುಗಳೇ ಕಾಣದಂತೆ ಪೂರ್ತಿ ಮುಚ್ಚಿದ ತಟ್ಟೆ ಚಕ್ರಗಳೂ ಉಂಟು. ಆದರೆ ಅಡ್ಡಗಾಳಿ ಬೀಸಿದಾಗ ಇಂಥ ಚಕ್ರ ಹಾಯಿಯಂತೆ ವರ್ತಿಸುತ್ತದೆ. ಮುಂದೆ ಜೋಡಿಸಿದರೆ ಹ್ಯಾಂಡಲ್ಲನ್ನೇ ಎಳೆದುಬಿಡಬಹುದು. ಹಾಗಾಗಿ ರಸ್ತೆಯ ಪಂದ್ಯಗಳಲ್ಲಿ ಅದನ್ನು ಸಾಮಾನ್ಯವಾಗಿ ಹಿಂದೆ ಮಾತ್ರ ಬಳಸುತ್ತಾರೆ.

1984ರ ಜನವರಿಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಮೆಕ್ಸಿಕೊ ನಗರದಲ್ಲಿ ತಟ್ಟೆ ಚಕ್ರಗಳ ಸೈಕಲ್ಲಿನಲ್ಲಿ ಒಂದು ಗಂಟೆಗೆ 51.151 ಕಿ.ಮೀ. ಕ್ರಮಿಸಿದಾಗ ಜಗತ್ತಿನ ಕಣ್ಣು ಈ ಚಕ್ರಗಳತ್ತ ಹೊರಳಿತು. ಆದರೆ ಐದು ವರ್ಷಗಳ ನಂತರ ನಡೆದದ್ದನ್ನೂ ಕೇಳಿ. 1989ರ ಟೂರ್ ಡಿ ಫ್ರಾನ್ಸ್ ಪಂದ್ಯದ ಕೊನೆಯ ದಿನ, 24.5 ಕಿ.ಮೀ. ಓಟಕ್ಕೆ ಮುನ್ನ ಫ್ರಾನ್ಸಿನ ಲೋರಾನ್ ಫಿನ್ಯೋ 50 ಸೆಕೆಂಡು ಮುಂದಿದ್ದ. ಅವನ ಸೈಕಲ್ಲಿಗೆ ಎರಡೂ ತಟ್ಟೆ ಚಕ್ರಗಳು. ಎದುರಾಳಿಯಾದ ಅಮೆರಿಕದ ಗ್ರೆಗ್ ಲೆಮಾಂಡ್‌ಗೆ ಹಿಂದೆ ಮಾತ್ರ ತಟ್ಟೆ ಚಕ್ರ. ಆದರೆ ಅವನು ವಿಶೇಷ ಹ್ಯಾಂಡಲ್ಲಿನ ಮೇಲೆ ಮೊಣಕೈಗಳನ್ನೂರಿ, ಬೆನ್ನು ಬಾಗಿಸಿ, ಗಾಳಿ ಜಾರುವಂಥ ಹೆಲ್ಮೆಟ್ ಧರಿಸಿದ್ದ. ಗೆದ್ದವನು ಲೆಮಾಂಡ್, ಒಟ್ಟು ಎಂಟೇ ಸೆಕೆಂಡುಗಳ ಅಂತರದಲ್ಲಿ!

ಏಕೆಂದರೆ ಗಾಳಿಗೆ ಅತಿ ದೊಡ್ಡ ಗೋಡೆ ಚಕ್ರವಲ್ಲ, ಸವಾರನ ಮೈ. ಗಾಳಿಯ ತಡೆಯಲ್ಲಿ ಮುಕ್ಕಾಲು ಪಾಲಿನಷ್ಟು ದೇಹದ್ದು. ಎರಡೂ ಚಕ್ರಗಳದು ಸುಮಾರು ಎಂಟನೆಯ ಒಂದು ಪಾಲು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಳ್ಳೆಯ ಚಕ್ರಗಳಿಂದ ಗಾಳಿಯ ಒಟ್ಟು ತಡೆ ಶೇಕಡಾ 3ರಷ್ಟು ಇಳಿಯಿತೆಂದು ಭಾವಿಸಿ. ಗಂಟೆಗೆ 40 ಕಿ.ಮೀ. ವೇಗದ ಸವಾರನಿಗೆ 40 ಕಿ.ಮೀ. ದೂರದಲ್ಲಿ ಅರ್ಧ ನಿಮಿಷಕ್ಕೂ ತುಸು ಹೆಚ್ಚು ಉಳಿತಾಯ. ಅವೆನ್ಯೂ ರಸ್ತೆಯಲ್ಲಿ ಐದು ನಿಮಿಷ ತೆಗೆದುಕೊಳ್ಳುವ ನಮ್ಮ ಸವಾರನಿಗೆ ಉಳಿಯುವುದು ಸುಮಾರು ಎರಡು ಸೆಕೆಂಡು. ಒಂದು ಕೈಗಾಡಿ ಅಡ್ಡ ಬಂದರೆ ಅದೂ ಹೋಯಿತು!

ಒಂದು ಜೊತೆ ಕಾರ್ಬನ್ ಚಕ್ರದ ಬೆಲೆಗೆ ಹಲವು ಸಾಮಾನ್ಯ ಸೈಕಲ್ಲುಗಳೇ ಬರುತ್ತವೆ. ಶಾಲೆ-ಕಾಲೇಜಿಗೆ ಹೋಗಿಬರುವವರು ಅದಕ್ಕಾಗಿ ತಂದೆತಾಯಿಯರನ್ನು ಕಾಡಬೇಕಾಗಿಲ್ಲ. ಟೈರಿಗೆ ಸರಿಯಾಗಿ ಗಾಳಿ ಹೊಡೆಸಿ, ಚಕ್ರದ ಬೆಂಡು ತೆಗೆಸಿ, ಚೈನಿಗೆ ಎಣ್ಣೆ ಬಿಟ್ಟರೆ ಅದಕ್ಕಿಂತ ಹೆಚ್ಚು ಲಾಭವುಂಟು. ಆದರೆ ಇದೇ ಮಾತನ್ನು ವಿಜಯಪುರ, ಬಾಗಲಕೋಟೆಗಳ ಯುವ ಸೈಕಲ್ ಪಟುಗಳಿಗೆ ಹೇಳುವಂತಿಲ್ಲ. ನಮ್ಮ ರಾಜ್ಯಕ್ಕೆ ಅನೇಕ ಪದಕಗಳನ್ನು ತಂದ ಸೀಮೆ ಅದು. ಅಲ್ಲಿ ಎಷ್ಟೋ ಮಕ್ಕಳು ರೈತರ, ಕೂಲಿಕಾರರ ಮನೆಯವರು. ಗಡಿಯಾರದೊಡನೆ ಓಡುವ ಸ್ಪರ್ಧೆಯಲ್ಲಿ ಅರ್ಧ ನಿಮಿಷವೆಂದರೆ ಒಂದು ಪದಕ. ಪದಕವೆಂದರೆ ಮುಂದೊಂದು ದಿನ ನೌಕರಿ. ಕಾಲಿನಲ್ಲಿ ಕಸುವಿದ್ದೂ ಚಕ್ರವಿಲ್ಲದೆ ಸೋಲುವ ಹುಡುಗಿಗೆ ಆ ಚಕ್ರ ಶೋಕಿಯ ವಸ್ತುವಲ್ಲ. ಅದನ್ನು ಒದಗಿಸುವುದು ಸಮಾಜದ ಹೊಣೆ.

ಕೊನೆಗೆ ನಿಮಗೊಂದು ಪ್ರಯೋಗ. ವಾಹನಗಳಿಲ್ಲದ ಇಳಿಜಾರೊಂದನ್ನು ಆರಿಸಿಕೊಳ್ಳಿ. ನಿಗದಿತ ಗುರುತಿನಿಂದ ಪೆಡಲ್ ತುಳಿಯದೆ ಇಳಿಯಿರಿ. ಮೊದಲು ನೆಟ್ಟಗೆ ಕುಳಿತು, ಆಮೇಲೆ ಮುಂದಕ್ಕೆ ಬಾಗಿ. ಕೈ ಬ್ರೇಕಿನ ಮೇಲೇ ಇರಲಿ. ಎರಡು ಸಲವೂ ಸೈಕಲ್ ಎಲ್ಲಿಯವರೆಗೆ ಉರುಳಿತೆಂದು ಟೇಪಿನಿಂದ ಅಳೆಯಿರಿ. ಸಿಕ್ಕ ವ್ಯತ್ಯಾಸವನ್ನು ಹತ್ತು ಸಲ ಪರೀಕ್ಷಿಸಿ ಬರೆದಿಡಿ. ಅಷ್ಟಾದ ಮೇಲೆ ಯಾವ ಜಾಹೀರಾತು ಏನೇ ಹೇಳಲಿ, ಅದನ್ನು ತೂಗಿ ನೋಡುವ ತಕ್ಕಡಿ ನಿಮ್ಮ ಕೈಯಲ್ಲೇ ಇರುತ್ತದೆ.