ಕೆಟ್ಟುಹೋದ ದಿನ

ದಿನವೊಂದು ಕೆಟ್ಟುಹೋಯಿತೆಂದು ನಾವೆಲ್ಲರೂ ಆಗಾಗ ಹೇಳುವುದುಂಟು. ಬೆಳಗ್ಗೆ ಎಡವಿದ ಕಾಲು ಸಂಜೆಯವರೆಗೂ ಎಡವುತ್ತಲೇ ಇರುವುದು. ಹಿಡಿದ ಕೆಲಸ ಒಂದೂ ಕೈಗೂಡದು. ಅಂತಹ ದಿನದಲ್ಲಿಯೂ ಸಣ್ಣಪುಟ್ಟ ಭಾಗ್ಯಗಳಿರುವುವು, ಹುಡುಕಿ ನೋಡಿರಿ ಎಂದು ಹಿತವಚನ ಹೇಳುವವರಿದ್ದಾರೆ. ರಾತ್ರಿ ಮಲಗುವ ಮುನ್ನ ಅವುಗಳ ಪಟ್ಟಿಯನ್ನು ಬರೆದಿಡಬೇಕೆಂಬುದು ಕೆಲವರ ಮತ. ದಿನಸಿ ಅಂಗಡಿಯ ಉದ್ದರಿ ಪುಸ್ತಕದಂತೆ ಭಾಗ್ಯಕ್ಕೆ ಲೆಕ್ಕವಿಡುವ ಈ ಕ್ರಮ ನಮಗೆ ಒಗ್ಗಿದುದಲ್ಲ. ಆದರೂ ಆ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವ ಧೈರ್ಯ ಈಗ ನಮಗಿಲ್ಲ. 2025ರ ಆಷಾಢದಲ್ಲಿ ಕಾಯ್ಕಿಣಿಗೆ ಹೋಗಿಬಂದ ದಿನವೇ ಅದಕ್ಕೆ ಕಾರಣ.

ಕಾಯ್ಕಿಣಿ ಭಟ್ಕಳ ತಾಲ್ಲೂಕಿನಲ್ಲಿ, ಮುರ್ಡೇಶ್ವರಕ್ಕೆ ಸಮೀಪದಲ್ಲಿರುವ ಊರು. ಪಡುವಲಿಗೆ ಕಡಲು, ಮೂಡಲಿಗೆ ಸಹ್ಯಾದ್ರಿ. ನಡುವಣ ಕಿರಿದಾದ ನೆಲದಲ್ಲಿ ಗದ್ದೆ, ತೋಟ, ಮನೆಗಳು. ಗೌರೀಶ ಕಾಯ್ಕಿಣಿಯವರ ಹೆಸರಿನಿಂದ ಓದುಗರೆಲ್ಲರಿಗೂ ಈ ಊರ ಹೆಸರು ಪರಿಚಿತವಾಗಿದೆ. ಅವರು 1912ರಲ್ಲಿ ಹುಟ್ಟಿದುದು ಮಾತ್ರ ಗೋಕರ್ಣದಲ್ಲಿ. ಊರು ಮನೆತನದ ಹೆಸರಾಗಿ ಅವರೊಡನೆ ನಡೆಯಿತು.

ನಮಗೆ ಚಿಕ್ಕಂದಿನಲ್ಲಿ ಅಕ್ಷರ ತಿದ್ದಿಸಿದ ಮಾಸ್ತರರು ನಿವೃತ್ತರಾದ ಮೇಲೆ ಅಲ್ಲಿಯೇ ನೆಲಸಿದ್ದರು. ಅವರು ತೀರಿಹೋಗಿ ವರ್ಷವಾಗಿತ್ತು. ಕಾಯಿಲೆಯ ಕಾಲದಲ್ಲಿ ಒಮ್ಮೆಯಾದರೂ ಹೋಗಿ ನೋಡಲಿಲ್ಲವೆಂಬ ಕೊರಗು ನಮ್ಮಲ್ಲಿ ಉಳಿದಿದ್ದುದರಿಂದ, ವರ್ಷಾಂತಿಕದ ದಿನ ಮಧ್ಯಾಹ್ನಕ್ಕೆ ಮೊದಲೇ ಬರುವೆವೆಂದು ಅವರ ಮಗನಿಗೆ ಮಾತು ಕೊಟ್ಟಿದ್ದೆವು.

ಕುಮಟೆಯಲ್ಲಿ ರೈಲು ತಪ್ಪಿತು. ಅದು ನಮ್ಮದೇ ತಪ್ಪು. ಬಸ್ಸು ಹಿಡಿದೆವು. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವಾಗ, ನದಿಯ ಮೇಲೆ ಎರಡು ಕಿಲೋಮೀಟರಿನಷ್ಟು ಚಾಚಿಕೊಂಡಿರುವ ಕೊಂಕಣ ರೈಲಿನ ಸೇತುವೆ ಮಳೆಯೊಳಗೆ ಅಳಿಸಿದ ಗೆರೆಯಂತೆ ಕಂಡಿತು. ಮಂಕಿಗೆ ಇನ್ನೂ ದೂರವಿರುವಾಗಲೇ ಬಸ್ಸು ಕೆಮ್ಮಿ ನಿಂತಿತು. ಹಿಂದಿನಿಂದ ಬರುವ ಬಸ್ಸಿಗೆ ಹತ್ತಿಸುವೆವೆಂದರು. ಅದು ಬಾರದಿರುವುದಕ್ಕೆ ಎಲ್ಲಿಯೋ ಮರ ಬಿದ್ದಿದೆಯೆಂದರು. ಕೊಡೆಯ ಕಡ್ಡಿ ಮುರಿಯಿತು. ಕೈಚೀಲದಲ್ಲಿದ್ದ ಮಡಿಪಂಚೆ ನೆನೆದು ಮುದ್ದೆಯಾಯಿತು. ದೂರವಾಣಿಯ ಜೀವವೂ ಹೋಯಿತು. ಗಡಿಯಾರ ಹನ್ನೊಂದಾಯಿತು, ಹನ್ನೆರಡಾಯಿತು. ನಾವು ಮನಸ್ಸಿನಲ್ಲಿ ಯಾರು ಯಾರನ್ನು ಬೈದೆವೆಂಬುದನ್ನು ಇಲ್ಲಿ ಹೇಳುವುದು ಉಚಿತವಲ್ಲ.

ರಸ್ತೆಯ ಬದಿಯಲ್ಲಿ ಒಂದು ಮಾಡಿನ ಕೆಳಗೆ ಹೆಂಗಸೊಬ್ಬಳು ಕಾಡಿನ ಅಣಬೆಗಳನ್ನು ಎಲೆಯ ಮೇಲೆ ಹರಡಿಕೊಂಡು ಕುಳಿತಿದ್ದಳು. ನಮ್ಮನ್ನು ಕಂಡು ಮಾತಿಲ್ಲದೆ ಸರಿದು ಜಾಗ ಬಿಟ್ಟಳು. ಅಣಬೆ ಕೊಳ್ಳಿರೆಂದು ಕೇಳಲೂ ಇಲ್ಲ. ಎದುರಿನ ಗದ್ದೆಯಲ್ಲಿ ಗೊರಬು ಹೊದ್ದವರು ಸಾಲಾಗಿ ಬಾಗಿ ಸಸಿ ನೆಡುತ್ತಿದ್ದರು. ನಮ್ಮ ದಿನವನ್ನು ಹಾಳುಮಾಡಿದ ಮಳೆಗಾಗಿಯೇ ಅವರು ಕಾದಿದ್ದರೆಂಬುದು ಆಗ ಹೊಳೆಯಿತು. ಹೊಳೆದರೂ ಸಿಟ್ಟೇನೂ ಇಳಿಯಲಿಲ್ಲ.

ಜತೆಯವರಲ್ಲಿ ಒಬ್ಬರು, “ನಿಂತದ್ದು ಬಯಲಿನಲ್ಲಿ, ಗುಡ್ಡದ ಬುಡದಲ್ಲಿ ಅಲ್ಲ, ಅದೇ ಪುಣ್ಯ” ಎಂದರು. ಯಾರೂ ನಗಲಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಇದೇ 66ನೆಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಚಹದಂಗಡಿಯ ಸಂಸಾರವನ್ನೂ ದಾರಿಹೋಕರನ್ನೂ ಗಂಗಾವಳಿಗೆ ತಳ್ಳಿತು. ಲಾರಿ ಚಾಲಕನೊಬ್ಬನ ದೇಹ ಲಾರಿಯೊಡನೆ ನದಿಯಲ್ಲಿ ಸಿಕ್ಕಿದುದು ಸೆಪ್ಟೆಂಬರ್ 25ರಂದು. ಅದಕ್ಕೂ ಮೊದಲು, 2022ರ ಆಗಸ್ಟ್ 2ರಂದು, ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಜರಿದು ನಾಲ್ವರು ಸತ್ತರು. ಈ ಮನೆಗಳವರ ಮುಂದೆ ನಿಂತು, ಸಣ್ಣ ಭಾಗ್ಯಗಳನ್ನು ಎಣಿಸಿರೆಂದು ಹೇಳಬಲ್ಲವರಿದ್ದಾರೆಯೆ? ಸಣ್ಣ ಭಾಗ್ಯದ ಮಾತು ಸಣ್ಣ ಕಷ್ಟಕ್ಕೆ ಸಲ್ಲುವುದು. ದೊಡ್ಡ ದುಃಖದಲ್ಲಿಯೂ ಅಂತಹುದು ಇದ್ದರೆ, ಅದನ್ನು ಎತ್ತಿ ಹೇಳುವ ಹಕ್ಕು ದುಃಖಪಟ್ಟವರದು, ನೋಡಲು ಬಂದವರದಲ್ಲ. ಉಪದೇಶ ಮಾಡುವವರು ಇದನ್ನು ಮರೆಯುವುದೇ ಹೆಚ್ಚು.

ಬಸ್ತಿಮಕ್ಕಿಯಲ್ಲಿ ನಾವು ಇಳಿದಾಗ ಗಂಟೆ ನಾಲ್ಕು. ಕೆಸರು ತುಳಿದು ಮನೆ ಸೇರಿದಾಗ ಕರ್ಮವೆಲ್ಲ ಮುಗಿದು, ಪುರೋಹಿತರೂ ನೆಂಟರೂ ಹೊರಟುಹೋಗಿದ್ದರು. ಮಗನು ಅವರನ್ನು ನಿಲ್ದಾಣಕ್ಕೆ ಬಿಡಲು ಹೋಗಿದ್ದನು. ಜಗಲಿಯಲ್ಲಿ ಮಾಸ್ತರರ ಹೆಂಡತಿ ಒಬ್ಬರೇ ಇದ್ದರು. ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆವು.

“ಬಂದೆಯಲ್ಲ ತಮ್ಮಾ, ಸಾಕು. ಮೊದಲು ತಲೆ ಒರಸಿಕೋ. ಎಲೆ ತೆಗೆದಿಟ್ಟಿದ್ದೇನೆ” ಎಂದರು.

ಅನ್ನ ಆರಿತ್ತು, ಸಾರನ್ನು ಮತ್ತೆ ಕಾಯಿಸಿ ತಂದರು. ನಾವು ಉಣ್ಣುವಾಗ ಗೋಡೆಗೆ ಒರಗಿ ಕುಳಿತು ಮಾತನಾಡತೊಡಗಿದರು. ಬೆಳಗಿನಿಂದ ಮನೆಯ ತುಂಬ ಜನ. ಇವರಿಗೆ ಬಡಿಸು, ಅವರಿಗೆ ಕೊಡು ಎಂಬುದರಲ್ಲಿ ಮಾಸ್ತರರ ಮಾತನ್ನು ಅವರೊಡನೆ ಆಡಲು ಯಾರಿಗೂ ಪುರಸೊತ್ತಿರಲಿಲ್ಲವೆಂದು ತೋರುವುದು. ಹನ್ನೊಂದು ಗಂಟೆಗೇ ಬಂದಿದ್ದರೆ ನಾವೂ ಪಂಕ್ತಿಯಲ್ಲಿ ಕುಳಿತು, ಉಂಡು, ನಮಸ್ಕರಿಸಿ ಎದ್ದುಬರುತ್ತಿದ್ದವರೇ.

ಕಡೆಯ ಮಳೆಗಾಲದಲ್ಲಿ ಮಾಸ್ತರರು ಹಾಸಿಗೆಯಿಂದ ಏಳಲಾರದವರಾಗಿದ್ದರಂತೆ. ದಿನವೂ ಬೆಳಗ್ಗೆ ಎಚ್ಚರವಾದೊಡನೆ ಅವರದು ಒಂದೇ ಪ್ರಶ್ನೆ: ಬಾವಿಯಲ್ಲಿ ಎಷ್ಟು ಸಾಲು ಕಲ್ಲು ಕಾಣುತ್ತದೆ? ಬೇಸಗೆಯಲ್ಲಿ ಪಾತಾಳಕ್ಕೆ ಇಳಿಯುವ ನೀರು ಆ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ದಿನದಿನಕ್ಕೆ ಏರುತ್ತ, ಕೆಂಪು ಚಿರೇಕಲ್ಲಿನ ಸಾಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬರುವುದು. ಇವರು ಮಳೆಯಲ್ಲಿಯೇ ಹೋಗಿ, ಬಗ್ಗಿ ಎಣಿಸಿ ಬಂದು ಹೇಳಬೇಕು. ಒಂದು ಸಾಲು ಕಡಮೆಯಾಗಿದ್ದರೆ ಅವರಿಗೆ ಸಂತೋಷ. ಕೆಲವು ದಿನ ಕೆಲಸದ ನಡುವೆ ನೋಡದೆಯೇ ಒಂದು ಸಂಖ್ಯೆ ಹೇಳಿಬಿಟ್ಟದ್ದೂ ಉಂಟಂತೆ. “ಅವರಿಗೆ ತಿಳಿಯುತ್ತಿತ್ತು. ಸುಮ್ಮನೆ ನಗುತ್ತಿದ್ದರು” ಎಂದು ಹೇಳಿ ತಾವೂ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, “ಈ ವರ್ಷ ಕೇಳುವವರಿಲ್ಲ. ಆದರೂ ದಿನಾ ನೋಡಿ ಬರುತ್ತೇನೆ” ಎಂದರು.

ಎಲೆ ಎತ್ತಿ ಕೈ ತೊಳೆಯಲು ಹಿತ್ತಿಲಿಗೆ ಹೋದೆವು. ಮಳೆ ಸಣ್ಣಗಾಗಿತ್ತು. ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿ, ಎರಡು ಸಲ ಎಣಿಸಿದೆವು.

“ಐದು ಸಾಲು” ಎಂದು ಕೂಗಿ ಹೇಳಿದೆವು.

“ಬೆಳಗ್ಗೆ ಆರಿತ್ತು” ಎಂದು ಒಳಗಿನಿಂದ ಉತ್ತರ ಬಂತು.