ನಹಾಮನ ಹಾಡು, ನಮ್ಮ ಐಲೇಸಾ

ಸೌದಿ ಅರೇಬಿಯಾದ ಖೋಬರ್ ಪಟ್ಟಣದ ದಕ್ಷಿಣಕ್ಕೆ, ಕಡಲಂಚಿನಲ್ಲಿದೆ ಅಜೀಜಿಯಾ. ಬಹರೈನಿಗೆ ಹೋಗುವ ಇಪ್ಪತ್ತೈದು ಕಿಲೋಮೀಟರ್ ಉದ್ದದ ಸೇತುವೆ ಶುರುವಾಗುವುದು ಅಲ್ಲಿಂದಲೇ. ಅದು ತೆರೆದದ್ದು 1986ರಲ್ಲಿ. ಅದಕ್ಕೂ ಎಷ್ಟೋ ಮೊದಲು ಈ ಕೊಲ್ಲಿಯನ್ನು ಆಳಿದ್ದು ಮುತ್ತಿನ ದೋಣಿಗಳು.

ಬೇಸಿಗೆ ಬಂತೆಂದರೆ ಸುಮಾರು ನಾಲ್ಕು ತಿಂಗಳು ನೀರಿನ ಮೇಲೆಯೇ ವಾಸ. ದೋಣಿಯ ಯಜಮಾನ ನೊಖದಾ. ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರ ಕೊಟ್ಟು ಮುಳುಗುವವನು ಘೈಸ್. ಹಗ್ಗ ಹಿಡಿದು ಅವನನ್ನು ಮೇಲಕ್ಕೆಳೆಯುವವನು ಸೈಬ್. ಇವರ ನಡುವೆ ಹಾಡುವುದಕ್ಕೆಂದೇ ಒಬ್ಬ, ನಹಾಮ. ಹಾಯಿ ಏರಿಸಲು ಒಂದು ಧಾಟಿ, ಹುಟ್ಟು ಹಾಕಲು ಇನ್ನೊಂದು, ಲಂಗರು ಎತ್ತಲು ಮತ್ತೊಂದು. ನಹಾಮ ತಾರಕದಲ್ಲಿ ಎಳೆಯುತ್ತಿದ್ದರೆ ಉಳಿದವರು ಗಂಟಲಿನ ತಳದಿಂದ ಗುಂಯ್ಯೆಂದು ಶ್ರುತಿ ಹಿಡಿಯುತ್ತಿದ್ದರು. ಮನುಷ್ಯರ ದನಿ ಅಷ್ಟು ಕೆಳಗಿಳಿಯುತ್ತದೆಂದು ಕೇಳದೆ ನಂಬುವುದು ಕಷ್ಟ.

ಜಪಾನಿನ ಮಿಕಿಮೊಟೊ ಮುತ್ತನ್ನು ಸಾಕಿ ಬೆಳೆಸಿದ. ಅದು ಪೇಟೆಗೆ ಬಂದ ಮೇಲೆ ಕೊಲ್ಲಿಯ ಮುತ್ತಿನ ಬೆಲೆ ಬಿತ್ತು. 1938ರ ಮಾರ್ಚಿನಲ್ಲಿ ದಮ್ಮಾಮ್‌ನ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕಿತು. ದೋಣಿಯವರು ಎಣ್ಣೆ ಕಂಪನಿ ಸೇರಿದರು. ಡೆನ್ಮಾರ್ಕಿನ ಸಂಗೀತ ವಿದ್ವಾಂಸ ಪೌಲ್ ರೋವ್ಸಿಂಗ್ ಓಲ್ಸನ್ ಟೇಪ್ ರೆಕಾರ್ಡರ್ ಹಿಡಿದು ಬಹರೈನಿಗೆ ಬಂದದ್ದು ಅದಾಗಿ ಇಪ್ಪತ್ತು ವರ್ಷಕ್ಕೆ! ಅಷ್ಟರಲ್ಲಿ ಉಳಿದಿದ್ದದ್ದು ಮುಖ್ಯವಾಗಿ ಫಿಜಿರಿ, ಎಂದರೆ ದಡದ ಮನೆಗಳಲ್ಲಿ ಮಣ್ಣಿನ ಮಡಕೆ, ಪುಟ್ಟ ಮಿರ್ವಾಸ್ ಮದ್ದಳೆ, ಚಪ್ಪಾಳೆ ಸೇರಿಸಿ ರಾತ್ರಿ ಕೂತು ಹಾಡುವ ಹಾಡು. ಬಹರೈನಿನ ಸಾಲೆಂ ಅಲ್ಲಾನ್ ಅದರ ಹೆಸರಾಂತ ಗಾಯಕನಾಗಿದ್ದ. 2021ರಲ್ಲಿ ಯುನೆಸ್ಕೊ ಫಿಜಿರಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ತಡವಾಗಿ ಬಂದ ಧ್ವನಿಮುದ್ರಣದ ಈ ಕಥೆ ಬ್ರಿಟನ್ನಿನದೂ ಹೌದು. ಅಮೆರಿಕದ ಜೇಮ್ಸ್ ಕಾರ್ಪೆಂಟರ್ 1928ರ ಸುಮಾರಿಗೆ ಮೇಣದ ಸಿಲಿಂಡರಿನಲ್ಲಿ ನಾವಿಕರ ಹಾಡು ಹಿಡಿದಾಗ ಹಾಡಿದವರು ಹಾಯಿಹಡಗು ಬಿಟ್ಟು ಮನೆಯಲ್ಲಿ ಕೂತ ಮುದುಕರು. ಧ್ವನಿಮುದ್ರಣಕ್ಕೆ ಸಿಕ್ಕಿದ್ದು ಹೆಚ್ಚಾಗಿ ಪಿಂಚಣಿಗೆ ಬಂದ ಹಾಡು. ಎಲ್ಲರೂ ಒಟ್ಟಿಗೆ ಜಗ್ಗುವ ಆ ಒಂದು ಗಳಿಗೆಯ ಏದುಸಿರು ಆ ಮುದ್ರಣಗಳಲ್ಲಿಲ್ಲ.

ನಮ್ಮಲ್ಲೂ ದಡದಿಂದ ಜಗ್ಗುವ ರಂಪಣಿ ಮೀನುಬಲೆಯ ಐಲೇಸಾ ಹಾಡನ್ನು 1970ರ ದಶಕದ ಪರ್ಸೀನ್ ಬೋಟುಗಳು ನುಂಗಿಹಾಕಿದವು ಎನ್ನುತ್ತಾರೆ. ಪೂರ್ತಿಯಲ್ಲ. ಉಡುಪಿ ಕಡೆಯ ತೀರದಲ್ಲಿ ಕೈರಂಪಣಿಯನ್ನು ಈಗಲೂ ಸಾಲುಗಟ್ಟಿ ಎಳೆಯುತ್ತಾರೆ. ಮೈಕು ಹಿಡಿದು ಹೋಗುವುದಾದರೆ ಅಲ್ಲಿಗೆ ಹೋಗಬೇಕು, ಬಲೆ ಭಾರವಿರುವ ದಿನ.